ಸೋರಿದ ಮಾಡು

ತಂಗಿಯ ಮಗಳು ಶಿರಸಿಯಲ್ಲಿ ಬಿಸಿಎ ಓದುತ್ತಾಳೆ. ಅವಳ ಲ್ಯಾಬ್ ರೆಕಾರ್ಡಿನ ದೆಸೆಯಿಂದ ನಿನ್ನೆ ರಾತ್ರಿ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಟರ್ಬೊ ಸಿ ಅನ್ನುವ ಹಳೇ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಕೋಡ್ ಬರೆದು ಒಂದು ಮನೆ ಬಿಡಿಸಬೇಕಂತೆ. ಟರ್ಬೊ ಸಿ ಹುಟ್ಟಿದ್ದು 1987ರಲ್ಲಿ. ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಎಬ್ಬಿಸಲು ಡಾಸ್‌ಬಾಕ್ಸ್ ಬೇಕು, ಹಳೇ ಡಾಸ್ ಕಾಲದ ಪ್ರೋಗ್ರಾಂ ಓಡಿಸುವ ತಂತ್ರಾಂಶ ಅದು. ಎದ್ದ ಮೇಲೂ ಕೋಡಿನಲ್ಲಿ, ಚಿತ್ರ ಬಿಡಿಸಲು ಬೇಕಾದ ಕಡತಗಳಿರುವ ಬಿಜಿಐ ಫೋಲ್ಡರಿನ ದಾರಿ ಬರೆಯುವಾಗ ಓರೆಗೆರೆ ಎರಡೆರಡು ಹಾಕಬೇಕು. ಒಂದೇ ಹಾಕಿದಿರೋ, ಗ್ರಾಫಿಕ್ಸ್ ಶುರುವೇ ಆಗಿಲ್ಲ ಅಂತ ಗೊಣಗುತ್ತದೆ.

ಪರದೆ ಅಗಲಕ್ಕೆ 640 ಚುಕ್ಕಿ, ಎತ್ತರಕ್ಕೆ 480. ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಕೆಳಗಿಳಿದಷ್ಟೂ ಸಂಖ್ಯೆ ಜಾಸ್ತಿ. ಹಾಗಾಗಿ ಮೊದಲ ಮನೆಯ ಮಾಡು ಅಂಗಳಕ್ಕೆ ಚುಚ್ಚಿತ್ತು.

ಅಷ್ಟರಲ್ಲಿ ಅಪ್ಪಯ್ಯ ಬಂದು ಕೂತರು. ಅವರಿಗೊಂದು ಚಾಳಿ. ಯಾರು ಎಂಥ ಮನೆ ಬರೆದರೂ ಅದು ನಮ್ಮ ಮನೆಯೇ ಆಗಬೇಕು.

"ಕೂಸೆ, ಕೊಟ್ಟಿಗೆ ಎಲ್ಲಿದ್ದು?"

ಕೊಟ್ಟಿಗೆ ಸಿಲೆಬಸ್ಸಿನಲ್ಲಿ ಇಲ್ಲ ಅಂದಳು. ತುಳಸಿಕಟ್ಟೆ? ಅದು ಬರೀ ಚೌಕ, ಆಯಿತು. ಎರಚಲು ಹೊಡೆಯದ ಹಾಗೆ ಸೋಗೆ ತಟ್ಟಿ? ಬಚ್ಚಲಿನ ಹೊಗೆ? ಅವರಿಗೆ ಒಂದು ಪ್ರಶ್ನೆ, ಇವಳಿಗೆ ನಾಲ್ಕು ಸಾಲು ಕೋಡ್. "ಮೆತ್ತಿಗೆ ಕಿಟಕಿ ಇಡು" ಅಂದಾಗ ಮಾತ್ರ ಯಾರೂ ನಗಲಿಲ್ಲ. ಮೆತ್ತು ಅಂದರೆ ಮಹಡಿ, ರಜೆಯಲ್ಲಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದ ಜಾಗ ಅದು. ಈಗ ಅಲ್ಲಿ ಇರುವುದು ಅಡಿಕೆ ಚೀಲ. ಅವಳು ಸುಮ್ನೆ ಎರಡು ಕಿಟಕಿ ಇಟ್ಟಳು.

ಆಮೇಲೆ ಹೆಂಚಿಗೆ ಕೆಂಪು. ಬಣ್ಣ ತುಂಬುವ ಆದೇಶ ಫ್ಲಡ್‌ಫಿಲ್‌ಗೆ ಒಳಗಿನ ಒಂದು ಚುಕ್ಕಿ ಮತ್ತು ಅಂಚಿನ ಬಣ್ಣ ಹೇಳಿದರೆ ಸಾಕು, ಅಂಚು ಸಿಗುವ ತನಕ ಬಣ್ಣ ಹರಿಯುತ್ತದೆ. ಅಂಚಿನಲ್ಲಿ ಸಂದು ಇದ್ದರೆ ಹೊರಗೂ ಹರಿಯುತ್ತದೆ. ಹರಿಯಿತು. ಮಾಡು, ಆಕಾಶ, ಅಂಗಳ ಎಲ್ಲ ಕೆಂಪು. ಸುತ್ತ ಗೆರೆ ಭದ್ರವಾಗಿದ್ದ ಸೂರ್ಯ ಮಾತ್ರ ಕಪ್ಪಗೆ ಉಳಿದ.

"ಹೋತಲೇ ಕೂಸೆ, ಮನೆ ಹೋತು!"

ನಾವು ಕೋಡ್ ತಡಕಾಡುತ್ತಿದ್ದೆವು. ಅಪ್ಪಯ್ಯ ಪ್ರತಿ ಜೂನಿನಲ್ಲೂ ಕತ್ತೆತ್ತಿ ಸೋರುವ ಹೆಂಚು ಹುಡುಕುವವರು. ಪರದೆಗೆ ಮೂಗು ತಾಗಿಸಿ, "ಬಲಗಡೆ ಮೂಲೇಲಿ ಸಂದು ಇದ್ದು ನೋಡು" ಅಂದರು. ಇತ್ತು! 400ಕ್ಕೆ ಮುಟ್ಟಬೇಕಿದ್ದ ಗೆರೆ 398ಕ್ಕೇ ನಿಂತಿತ್ತು.

ಇಷ್ಟೆಲ್ಲ ಆದ ಮೇಲೆ ಅವಳು ಹೇಳುತ್ತಾಳೆ, ಪ್ರಿಂಟ್ ತೆಗೆದು ಅಂಟಿಸುವ ಹಾಗಿಲ್ಲವಂತೆ. ರೆಕಾರ್ಡಿನ ಗೆರೆಯಿಲ್ಲದ ಪುಟದಲ್ಲಿ ಔಟ್‌ಪುಟ್ಟನ್ನು ಪೆನ್ಸಿಲಿನಲ್ಲಿ ಬಿಡಿಸಬೇಕಂತೆ! ಹಾಗಾದರೆ ಕಂಪ್ಯೂಟರ್ ಯಾಕೆ ಬೇಕಿತ್ತು ಮಾರಾಯ್ರೇ? ಕೈವಾರ ಸಿಗದೆ ಬಳೆ ಇಟ್ಟು ಸೂರ್ಯನನ್ನು ಬರೆದಳು. ನೀರು ಕುಡಿಯಲು ಅವಳು ಒಳಗೆ ಹೋದಾಗ ಅಪ್ಪಯ್ಯ ಪೆನ್ಸಿಲ್ ಎತ್ತಿಕೊಂಡು ಕೊಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ದನದ ಸಮೇತ. ಸೋಮವಾರ ಅವಳ ಸರ್ ಇದರ ಕೋಡ್ ಎಲ್ಲಿ ಅಂತ ಕೇಳದೆ ಬಿಡುತ್ತಾರಾ?