ಪ್ರಗತಿಯ ಉದ್ದ 1,507 ಮೀಟರ್

ವರ್ಷ ಮುಗಿಯುತ್ತಿದ್ದಂತೆ ಊರು ಎಷ್ಟು ಮುಂದೆ ಹೋಯಿತೆಂದು ಲೆಕ್ಕ ಒಪ್ಪಿಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಪತ್ರಿಕೆಗಳು ಪುಟ ತುಂಬ ಹಿನ್ನೋಟ ಕೊಡುತ್ತವೆ. ಅಧಿಕಾರದಲ್ಲಿರುವವರು ನುಣುಪು ಕಾಗದದ ಪುಸ್ತಿಕೆಗಳಲ್ಲಿ ಸಾಧನೆಗಳನ್ನು ಸಾಲಾಗಿ ಅಚ್ಚು ಹಾಕಿಸುತ್ತಾರೆ. ಅಧಿಕಾರ ಕಳೆದುಕೊಂಡವರು ಅವೇ ಸಾಧನೆಗಳು ತಮ್ಮ ಕಾಲದವೆಂದು ಪತ್ರಿಕಾಗೋಷ್ಠಿ ಕರೆಯುತ್ತಾರೆ. ಹುಬ್ಬಳ್ಳಿ-ಧಾರವಾಡದ ನಾಗರಿಕರು ಇವೆಲ್ಲವನ್ನೂ ಶ್ರದ್ಧೆಯಿಂದ ಓದುತ್ತಾರೆ. ಓದಲು ಅವರಿಗೆ ಬಿಡುವೂ ಇದೆ, ಏಕೆಂದರೆ ನಳಕ್ಕೆ ನೀರು ಬಿಡುವ ಸರದಿ ರಾತ್ರಿ ಎರಡಕ್ಕೋ ಮೂರಕ್ಕೋ ಇದ್ದರೆ ಅಲ್ಲಿಯವರೆಗೆ ಎಚ್ಚರವಾಗಿರಲು ಏನಾದರೊಂದು ಬೇಕಲ್ಲ.

ಈ ಬಗೆಯ ಪುಸ್ತಿಕೆಗಳನ್ನು ಓದುವುದಕ್ಕೂ ಅಭ್ಯಾಸ ಬೇಕು. ಒಂದು ಗಟಾರಕ್ಕೆ ಗುದ್ದಲಿ ಪೂಜೆಯಾದರೆ ಅದು ಆ ವರ್ಷದ ಸಾಧನೆ. ಅದೇ ಗಟಾರಕ್ಕೆ ಹಣ ಬಿಡುಗಡೆಯಾದರೆ ಮರುವರ್ಷದ ಸಾಧನೆ. ಗುತ್ತಿಗೆದಾರ ಅರ್ಧಕ್ಕೆ ಬಿಟ್ಟು ಹೋಗಿ ಮರುಟೆಂಡರ್ ಕರೆದರೆ ಮೂರನೆಯ ವರ್ಷಕ್ಕೂ ಒಂದು ಸಾಲು ಸಿಕ್ಕಿತು. ಮುಗಿದ ಕೆಲಸ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಮುಗಿಯದ ಕೆಲಸ ಪ್ರತಿ ವರ್ಷವೂ ಬರುತ್ತದೆ. ಇಷ್ಟು ಸರಳವಾದ ಗಣಿತ ತಿಳಿದಿದ್ದೂ ಯಾವುದಾದರೂ ಕಾಮಗಾರಿಯನ್ನು ಮುಗಿಸಿಬಿಡುವ ಅಧಿಕಾರಿಯ ಬುದ್ಧಿಯನ್ನು ಸಂಶಯಿಸಬೇಕಾಗುತ್ತದೆ.

ಆದರೂ ಮುಗಿದದ್ದು ಏನೂ ಇಲ್ಲವೆಂದು ಹೇಳಿದರೆ ಊರಿಗೆ ದ್ರೋಹ ಬಗೆದಂತೆ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿದೆ. 1,507 ಮೀಟರ್. ಗೋರಖಪುರದ 1,366 ಮೀಟರ್‌ಗಳನ್ನು ಹಿಂದಿಕ್ಕಿ 2023ರ ಮಾರ್ಚ್ 12ರಂದು ಪ್ರಧಾನಿಯವರ ಹಸ್ತದಿಂದ ಇದು ಲೋಕಾರ್ಪಣೆಯಾಯಿತು. ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ಎರಡು ರೈಲುಗಳು ನಿಂತು ಎರಡು ದಿಕ್ಕಿಗೆ ಹೊರಡಬಹುದು ಎಂಬುದು ಅದರ ನಿಜವಾದ ಉಪಯೋಗ. ಆದರೆ ಉಪಯೋಗದ ಮಾತು ಯಾರಿಗೆ ಬೇಕಾಗಿದೆ? ನಮಗೆ ಬೇಕಾದದ್ದು ಉದ್ದ. ಅಂದಿನಿಂದ ಊರಿಗೆ ಬಂದ ಬೀಗರನ್ನು ಸಿದ್ಧಾರೂಢ ಮಠಕ್ಕೆ ಕರೆದೊಯ್ಯುವ ಮೊದಲೇ ಪ್ಲಾಟ್‌ಫಾರ್ಮ್‌ನ ಉದ್ದವನ್ನು ಬಾಯಿಪಾಠ ಒಪ್ಪಿಸುತ್ತೇವೆ. ರೊಟ್ಟಿ ಬುತ್ತಿಯ ಗಂಟನ್ನು ಒಂದು ಕೈಯಲ್ಲಿ, ಮೊಮ್ಮಗನನ್ನು ಇನ್ನೊಂದು ಕೈಯಲ್ಲಿ ಹಿಡಿದು ತಮ್ಮ ಬೋಗಿ ಬೇರೆ ತುದಿಯಲ್ಲಿದೆ ಎಂದು ಗೊತ್ತಾಗಿ ಓಡುವ ಅಜ್ಜಿಗೆ, ತಾನು ಓಡುತ್ತಿರುವುದು ವಿಶ್ವದಾಖಲೆಯ ಮೇಲೆ ಎಂಬ ಸಮಾಧಾನವಾದರೂ ಇರುತ್ತದೆ. ದಾಖಲೆ ಬರೆಯುವವರು ಒಮ್ಮೆ ನಿಲ್ದಾಣದಿಂದ ಹೊರಗೆ ಬಂದಿದ್ದರೆ ಇನ್ನೂ ಹಲವು ದಾಖಲೆಗಳನ್ನು ಬರೆದುಕೊಂಡು ಹೋಗಬಹುದಿತ್ತು. ಹೊಸ ಕಾಂಕ್ರೀಟ್ ರಸ್ತೆಯನ್ನು ಕೊಳವೆಗಾಗಿ ಅಗೆದು, ಮುಚ್ಚಿ, ಕೇಬಲ್ಲಿಗಾಗಿ ಮತ್ತೆ ಅಗೆಯುವ ವೇಗದಲ್ಲಿ ನಮಗೆ ಸರಿಸಾಟಿ ಯಾರೂ ಇರಲಾರರು.

ನೀರಿನ ವಿಷಯಕ್ಕೆ ಬಂದೆವು, ಬಂದಮೇಲೆ ಸ್ವಲ್ಪ ನಿಲ್ಲಲೇಬೇಕು. ದಿನದ ಇಪ್ಪತ್ನಾಲ್ಕು ಗಂಟೆಯೂ ನಳದಲ್ಲಿ ನೀರು ಬರುವ ಪವಾಡವನ್ನು ಇಡೀ ದೇಶಕ್ಕೆ ಮೊದಲು ತೋರಿಸಿದವರಲ್ಲಿ ನಾವೂ ಒಬ್ಬರು. ವಿಶ್ವಬ್ಯಾಂಕಿನ ನೆರವಿನಲ್ಲಿ 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ಇದು ಪ್ರಾತ್ಯಕ್ಷಿಕೆಯಾಗಿ ಆರಂಭವಾಯಿತು. ಸಾಧ್ಯವೇ ಇಲ್ಲ ಎನ್ನುತ್ತಿದ್ದ ಇಂಜಿನಿಯರುಗಳು ಅದು ಸಾಧ್ಯವೆಂದು ಕಣ್ಣಾರೆ ಕಂಡರು. ಒಮ್ಮೆ ಸಾಧ್ಯವೆಂದು ತೋರಿಸಿಕೊಟ್ಟ ಮೇಲೆ ಅದನ್ನು ಎಲ್ಲರಿಗೂ ಕೊಡುವ ಅವಸರ ಯಾರಿಗೂ ಉಳಿಯಲಿಲ್ಲ. ಅಂದು ಆ ಓಣಿಯಲ್ಲಿ ಹುಟ್ಟಿದ ಕೂಸು ನಳ ತಿರುಗಿಸಿದರೆ ನೀರು ಬರುವುದು ನಿಸರ್ಗ ನಿಯಮವೆಂದು ತಿಳಿದು ಬೆಳೆಯಿತು. ರಸ್ತೆಯ ಈಚೆ ಬದಿಯಲ್ಲಿ ಹುಟ್ಟಿದ ಕೂಸು ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ ನೀರು ಬರುವುದೇ ನಿಸರ್ಗ ನಿಯಮವೆಂದು ತಿಳಿದು ಬೆಳೆಯಿತು. ಇಬ್ಬರೂ ಒಂದೇ ಮಹಾನಗರದ ಪ್ರಜೆಗಳು, ಇಬ್ಬರ ಮನೆಗೂ ಬರುವುದು ಸವದತ್ತಿಯ ಮಲಪ್ರಭೆಯೇ.

ಹೀಗಾಗಿ ಈಚೆ ಬದಿಯ ಪ್ರತಿಯೊಂದು ಮನೆಯೂ ಒಂದು ಸಣ್ಣ ಜಲಮಂಡಳಿಯಾಗಿದೆ. ಅಂಗಳದಡಿ ಒಂದು ಟಾಕಿ, ಮಾಳಿಗೆಯ ಮೇಲೆ ಎರಡು ಸಿಂಟೆಕ್ಸ್, ಬಚ್ಚಲಲ್ಲಿ ನೀಲಿ ಬ್ಯಾರಲ್ಲು, ಅಡುಗೆಮನೆಯಲ್ಲಿ ಕುಡಿಯುವ ನೀರಿಗೆ ತಾಮ್ರದ ಹಂಡೆ, ಇವುಗಳ ನಡುವೆ ಒಂದು ಮೋಟಾರು, ಆ ಮೋಟಾರಿಗೆ ಒಬ್ಬ ಖಾಯಂ ಮೆಕ್ಯಾನಿಕ್. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳದ ಜೊತೆಗೆ ಓಣಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳುವ ಹಿರಿಯರು ಇದ್ದಾರೆ, ಮತ್ತು ಅವರು ಕೇಳುವುದು ಸರಿಯಾಗಿಯೇ ಇದೆ. ನೀರಿನ ದಿನ ಓಣಿಯಲ್ಲಿ ಯಾರೂ ಊರಿಗೆ ಹೋಗುವುದಿಲ್ಲ, ಯಾರ ಮನೆಯ ಸತ್ಯನಾರಾಯಣ ಪೂಜೆಯೂ ನಡೆಯುವುದಿಲ್ಲ. ಕತ್ತಲಲ್ಲಿ ಗೋಡೆಯಾಚೆಯಿಂದ ದನಿ ಕೇಳಿಬರುತ್ತದೆ: 'ವೈನಿ, ನಿಮ್ಮಲ್ಲಿ ನಳಾ ಬಂತೇನ್ರಿ?' ಈಚೆಯಿಂದ ಉತ್ತರ ಹೋಗುತ್ತದೆ: 'ಇನ್ನೂ ಇಲ್ರೀ ಅಕ್ಕಾರ. ವಾಲ್ವ್‌ಮನ್‌ಗ ಫೋನ್ ಹಚ್ಚೀನಿ, ಎತ್ತವಲ್ಲಾ.' ಜಿಲ್ಲಾಧಿಕಾರಿಯ ಹೆಸರು ಗೊತ್ತಿಲ್ಲದ ಗೃಹಿಣಿಯರಿಗೂ ವಾಲ್ವ್‌ಮನ್‌ನ ಫೋನ್ ನಂಬರು, ಅವನ ಮಗಳ ಬಾಣಂತನದ ವಿವರ, ಅವನಿಗೆ ಪಗಾರ ಆಗಿದೆಯೋ ಇಲ್ಲವೋ ಎಂಬುದೆಲ್ಲ ಗೊತ್ತಿರುತ್ತದೆ. ಸಮುದಾಯ ಜೀವನ ನಗರಗಳಲ್ಲಿ ನಶಿಸುತ್ತಿದೆ ಎಂದು ಕೊರಗುವ ಪಂಡಿತರು ನೀರಿನ ರಾತ್ರಿ ನಮ್ಮ ಓಣಿಗೆ ಬರಬೇಕು.

ಸಾರಿಗೆಯ ಪುಟವನ್ನು ತಿರುಗಿಸಿದರೆ ಅಲ್ಲಿ ಚಿಗರಿ. ಸುಮಾರು 22 ಕಿಲೋಮೀಟರಿನ ಅವಳಿ ನಗರಗಳ ದಾರಿಯಲ್ಲಿ ಹವಾನಿಯಂತ್ರಿತ ಬಸ್ಸಿಗೆ ತನ್ನದೇ ಆದ ಪಥ. 2018ರ ಅಕ್ಟೋಬರ್‌ನಲ್ಲಿ ಅದು ಪ್ರಾಯೋಗಿಕವಾಗಿ ಓಡತೊಡಗಿತು, 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿಗಳು ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಹದಿನಾರು ತಿಂಗಳು ಓಡಿದ ಬಸ್ಸು ಆ ದಿನ ಆರಂಭವಾಯಿತು. ಪ್ರಾಮಾಣಿಕವಾಗಿ ಹೇಳುವುದಾದರೆ ಮೊದಲ ವರ್ಷಗಳಲ್ಲಿ ಅದರಲ್ಲಿ ಕುಳಿತು ಧಾರವಾಡಕ್ಕೆ ಹೋಗುವುದು ಸುಖವೇ ಆಗಿತ್ತು. ಆಮೇಲೆ ಬಸ್ಸುಗಳಿಗೆ ವಯಸ್ಸಾಯಿತು, ಮಳೆಗಾಲದಲ್ಲಿ ಟೋಲ್ ನಾಕಾದ ಬಳಿ ಆ ಪಥ ಹಳ್ಳವಾಗಿ ಹರಿಯತೊಡಗಿತು, ಪಕ್ಕದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಉಳಿದ ವಾಹನಗಳವರು ನಡುವಿನ ಖಾಲಿ ರಸ್ತೆಯನ್ನು ನೋಡುತ್ತ ಹಲ್ಲು ಕಡಿಯತೊಡಗಿದರು. ಈಗ ಅದನ್ನು ಬಿಟ್ಟು ವಿದ್ಯುತ್ತಿನ ಟ್ರಾಮ್ ಮಾದರಿಯ ವಾಹನ ತರುವ ಮಾತು ಕೇಳಿಬಂದಿದೆ. ಬಸ್ಸು ದುರಸ್ತಿ ಮಾಡುವುದು ಸುದ್ದಿಯಾಗುವುದಿಲ್ಲ, ಹೊಸ ವಾಹನಕ್ಕೆ ಡಿಪಿಆರ್ ಎಂಬ ವಿಸ್ತೃತ ಯೋಜನಾ ವರದಿ ತಯಾರಿಸುವುದು ಸುದ್ದಿಯಾಗುತ್ತದೆ ಎಂಬುದನ್ನು ಬಲ್ಲವರೇ ಊರನ್ನು ಮುನ್ನಡೆಸಬಲ್ಲರು.

ಚನ್ನಮ್ಮ ವೃತ್ತದ ಮೇಲ್ಸೇತುವೆಯನ್ನೂ ಈ ಪಟ್ಟಿಯಲ್ಲಿ ಸೇರಿಸಿ ನಗಬಹುದಿತ್ತು. ಕುದುರೆಯೇರಿ ಕತ್ತಿ ಹಿರಿದ ರಾಣಿಯ ಸುತ್ತ ಕಂಬಗಳು ಎದ್ದ ಬಗೆ, ಸಂಚಾರಕ್ಕೆಂದು ಕಟ್ಟುವ ಸೇತುವೆಗಾಗಿ ಸಂಚಾರವನ್ನೇ ತಿಂಗಳುಗಟ್ಟಲೆ ಬೇರೆಡೆಗೆ ತಿರುಗಿಸಿದ ಬಗೆ, ಎದುರಿನ ಸಾಲಿನ ಅಂಗಡಿಗಳವರು ಧೂಳಿನಲ್ಲಿ ಗಿರಾಕಿಯ ಮುಖವನ್ನೇ ಮರೆತ ಬಗೆ, ಎಲ್ಲದರ ಮೇಲೂ ಬರೆಯಬಹುದು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಆ ಕಾಮಗಾರಿಯ ಮೇಲಿನಿಂದ ಬಿದ್ದ ಕಬ್ಬಿಣದ ಸರಳು ಕೆಳಗೆ ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸ್ ಇಲಾಖೆಯ ಒಬ್ಬ ಎಎಸ್‌ಐ ತಲೆಗೆ ಬಡಿಯಿತು, ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಕೆಳಗೆ ಜನ ಓಡಾಡುತ್ತಿರುವಾಗ ಮೇಲೆ ಒಂದು ಬಲೆ ಕಟ್ಟಬೇಕು ಎಂದು ತಿಳಿಯಲು ಯಾವ ತಂತ್ರಜ್ಞಾನವೂ ಬೇಕಿಲ್ಲ. ಮನೆಗೆ ಸುಣ್ಣ ಹೊಡೆಯುವವನೂ ಕೆಳಗೆ ಹೋಗುವವರಿಗೆ 'ಸರೀರಿ' ಎಂದು ಕೂಗಿ ಹೇಳುತ್ತಾನೆ. ಇದರಲ್ಲಿ ವ್ಯಂಗ್ಯಕ್ಕೆ ಜಾಗವಿಲ್ಲ. ಆ ಸಾವು ಯಾವ ಸಾಧನಾ ಪುಸ್ತಿಕೆಯ ಯಾವ ಪುಟದಲ್ಲೂ ಬರುವುದಿಲ್ಲ, ಸೇತುವೆ ಮಾತ್ರ ಬರುತ್ತದೆ, ಉದ್ಘಾಟನೆಯ ದಿನ ಅದಕ್ಕೆ ಯಾರ ಹೆಸರಿಡಬೇಕೆಂದು ಜಗಳವೂ ಆಗುತ್ತದೆ.

ವ್ಯಾಪಾರ, ಉದ್ಯಮದ ಪ್ರಗತಿಯೂ ಕಡಿಮೆಯದೇನಲ್ಲ. 2020ರಲ್ಲಿ ಹುಬ್ಬಳ್ಳಿಯಲ್ಲಿ ಹೂಡಿಕೆದಾರರ ಸಮಾವೇಶ ನಡೆಯಿತು. ದಿನಾಂಕ ಫೆಬ್ರುವರಿ 14. ಸಾವಿರಾರು ಕೋಟಿಗಳ ಮಾತು ಕೊಡಲು ಇದಕ್ಕಿಂತ ತಕ್ಕ ದಿನ ಪಂಚಾಂಗದಲ್ಲಿ ಸಿಗಲಾರದು. ಆ ದಿನ ಕೊಟ್ಟ ಭಾಷೆಗಳನ್ನು ವರ್ಷ ಕಳೆದ ಮೇಲೆ ನೆನಪಿಸುವುದು ಎಲ್ಲ ಕಡೆಯೂ ಅನಾಗರಿಕವೆನಿಸುತ್ತದೆ. ಬರಲಿರುವ ಕಾರ್ಖಾನೆಗಳಿಗೆ ಹೀಗೆ ಕೆಂಪು ಹಾಸು ಹಾಸುತ್ತಿರುವಾಗ ಇದ್ದ ಕಾರ್ಖಾನೆಯೊಂದರ ಕಥೆ ನೋಡಿ. ಊರೊಳಗಿನ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನ್ಯತೆಯೊಡನೆ ರಾಷ್ಟ್ರಧ್ವಜ ಹೊಲಿಯುವ ಘಟಕ ಅದು. ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬರುತ್ತದೆ, ಬಣ್ಣ ಕಾಣುತ್ತದೆ, ಅಳತೆಗೆ ಕತ್ತರಿಸಲ್ಪಡುತ್ತದೆ. ಬಿಳಿ ಪಟ್ಟಿಯ ಎರಡೂ ಮಗ್ಗುಲಿನಲ್ಲಿ ಅಚ್ಚಾಗುವ ಚಕ್ರಗಳ 24 ಗೆರೆಗಳು ಒಂದರ ಬೆನ್ನಿಗೆ ಇನ್ನೊಂದು ಕೂದಲೆಳೆಯಷ್ಟೂ ಸರಿಯದಂತೆ ಕೂಡಬೇಕು. ಕೂಡದಿದ್ದರೆ ಆ ಧ್ವಜ ತಿರಸ್ಕೃತ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಡಲಾಯಿತು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ವರ್ಷ ಮನೆಮನೆಯಲ್ಲೂ ತ್ರಿವರ್ಣ ಹಾರಿತು, ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತು. ದೇಶಭಕ್ತಿಯ ಮಾರುಕಟ್ಟೆ ಇಷ್ಟು ಬೆಳೆದ ವರ್ಷವೇ ಧ್ವಜ ಹೊಲಿಯುವವರ ಕೈ ಬರಿದಾಗಬೇಕಾದರೆ ಅದಕ್ಕೆ ಸಾಮಾನ್ಯ ಪ್ರತಿಭೆ ಸಾಲದು.

ಬಟ್ಟೆಯ ಮಾತು ಬಂದದ್ದರಿಂದ ಫ್ಲೆಕ್ಸಿನ ಬಗ್ಗೆಯೂ ಎರಡು ಮಾತು. ಫ್ಲೆಕ್ಸು, ಬ್ಯಾನರು, ಪ್ಲಾಸ್ಟಿಕ್ ಕೈಚೀಲಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಆ ಸಂಗತಿ ನಿಮಗೆ ಮರೆತಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ನಿಷೇಧದ ನಂತರ ಫ್ಲೆಕ್ಸುಗಳ ಅಳತೆ ಹೆಚ್ಚಿದೆ. ನಡುವೆ ನಾಯಕರು ಕೈಮುಗಿದು ನಿಂತಿರುತ್ತಾರೆ, ಮೇಲಿನ ಸಾಲಿನಲ್ಲಿ ಅವರಿಗಿಂತ ದೊಡ್ಡ ನಾಯಕರು ಅಂಚೆಚೀಟಿಯ ಗಾತ್ರದಲ್ಲಿರುತ್ತಾರೆ, ಕೆಳಗೆ ಕಪ್ಪು ಕನ್ನಡಕದ ಇಪ್ಪತ್ತು ಮೂವತ್ತು ಯುವಕರು 'ಶುಭ ಕೋರುವವರು' ಆಗಿರುತ್ತಾರೆ. ಸ್ವಚ್ಛ ನಗರಕ್ಕಾಗಿ ಶ್ರಮಿಸಿದವರಿಗೆ ಅಭಿನಂದನೆ ಎಂಬ ಬರಹವನ್ನು ನಿಷೇಧಿತ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿ ಬೀದಿದೀಪದ ಕಂಬಕ್ಕೆ ತಂತಿಯಿಂದ ಬಿಗಿಯುವಾಗ ಯಾರ ಕೈಯೂ ನಡುಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅದು ಸಂತೆಯ ತರಕಾರಿ ಅಂಗಡಿಗೆ ಚಾವಣಿಯಾಗುತ್ತದೆ. ನಾಯಕರಿಂದ ಬಡವರಿಗೆ ನೇರವಾಗಿ ತಲುಪುವ ನೆರಳು ಅದೊಂದೇ ಇರಬಹುದು.

ಇಷ್ಟೆಲ್ಲ ಪ್ರಗತಿಯನ್ನು ನೋಡಿಕೊಳ್ಳುವ ಚುನಾಯಿತ ಪಾಲಿಕೆ ಇರಬೇಕಲ್ಲ ಎಂದು ಯಾರಾದರೂ ಕೇಳಬಹುದು. 2019ರ ಮಾರ್ಚ್‌ನಲ್ಲಿ ಹಿಂದಿನ ಪಾಲಿಕೆಯ ಅವಧಿ ಮುಗಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆದು 82 ಸದಸ್ಯರು ಗೆದ್ದರು, ಗುಲಾಲು ಎರಚಿಕೊಂಡರು. ಅವರಲ್ಲೊಬ್ಬರು ಮೇಯರ್ ಆದದ್ದು 2022ರ ಮೇ ತಿಂಗಳ ಕೊನೆಗೆ. ಮೂರು ವರ್ಷಗಳಿಗೂ ಹೆಚ್ಚು ಕಾಲ ಮೇಯರ್ ಇಲ್ಲದೆ ಊರು ನಡೆಯಿತು, ಆ ಅವಧಿಗೂ ನಂತರದ ಅವಧಿಗೂ ನಡುವಿನ ವ್ಯತ್ಯಾಸ ಗುರುತಿಸಲು ಜನರಿಗೆ ಸಾಧ್ಯವಾಗಲಿಲ್ಲ ಎಂಬುದನ್ನು ಪಾಲಿಕೆಯ ದಕ್ಷತೆಗೆ ಸಾಕ್ಷಿಯೆಂದು ಭಾವಿಸೋಣ. ಮೇಯರ್ ಬಂದ ಮೇಲೆ ಊರಿನಲ್ಲಿ ನಡೆದ ಮೊದಲ ಗಂಭೀರ ಚರ್ಚೆಗಳಲ್ಲಿ ಒಂದು, ಅವರು ಬ್ರಿಟಿಷರ ಕಾಲದ ಗೌನು ತೊಡಬೇಕೋ ಬೇಡವೋ ಎಂಬುದಾಗಿತ್ತು. ಹಳ್ಳಿಯವರು ನಮ್ಮನ್ನು ನೋಡಿ ನಗಬೇಕಾಗಿಲ್ಲ. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಅವರು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಮುಖವನ್ನೇ ನೋಡಿದ್ದಾರೆ.

ಇದೀಗ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. 1962ರಲ್ಲಿ ಎರಡೂ ಊರುಗಳನ್ನು ಒಂದುಗೂಡಿಸಿ ಒಂದೇ ಪಾಲಿಕೆ ಮಾಡಿದ್ದು ಪ್ರಗತಿಯೆನಿಸಿತ್ತು. 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ ಒಪ್ಪಿಗೆ ಕೊಟ್ಟಿತು, ಅದೂ ಪ್ರಗತಿಯೆನಿಸಿತು, ಪಟಾಕಿಯೂ ಹಾರಿತು. ಧಾರವಾಡದವರ ಬೇಡಿಕೆಯಲ್ಲಿ ನ್ಯಾಯವಿಲ್ಲದಿಲ್ಲ. ಅನುದಾನವೆಲ್ಲ ಹುಬ್ಬಳ್ಳಿಗೆ ಹೋಗುತ್ತದೆ, ತಮಗೆ ಉಳಿಯುವುದು ಧೂಳು ಮಾತ್ರ ಎಂದು ಅವರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ಹುಬ್ಬಳ್ಳಿಯವರಿಗೂ ಉಳಿದದ್ದು ಅದೇ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಇನ್ನು ಮುಂದೆ ಎರಡು ಪಾಲಿಕೆ, ಇಬ್ಬರು ಆಯುಕ್ತರು, ಎರಡು ಸಾಧನಾ ಪುಸ್ತಿಕೆ. ಚಿಗರಿ ಬಸ್ಸು ಯಾರ ಪುಸ್ತಿಕೆಯಲ್ಲಿ ಬರಬೇಕೆಂಬುದನ್ನು ಮೊದಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಗಡಿಯಲ್ಲೊಂದು ನಿಲ್ದಾಣ ಮಾಡಿ ಅಲ್ಲಿಯವರೆಗಿನ ಓಟವನ್ನು ಒಬ್ಬರ ಪ್ರಗತಿಗೂ ಅಲ್ಲಿಂದಾಚೆಯದನ್ನು ಇನ್ನೊಬ್ಬರ ಪ್ರಗತಿಗೂ ಬರೆಯಬಹುದು. ಬಸ್ಸು ಕೆಟ್ಟು ನಿಂತರೆ ಮಾತ್ರ ಅದನ್ನು ಹಿಂದಕ್ಕೋ ಮುಂದಕ್ಕೋ ನೂಕಿ ಪಕ್ಕದ ಪಾಲಿಕೆಯ ಸರಹದ್ದಿಗೆ ದಾಟಿಸಲು ಪ್ರಯಾಣಿಕರು ಸಹಕರಿಸಬೇಕಾಗುತ್ತದೆ.