ಹೆಂಗಸರಿಗೆ 20,000 ಪದ, ಗಂಡಸರಿಗೆ 7,000: ಸತ್ಯಾಂಶವೇನು?

‘ಹೆಂಗಸರು ದಿನಕ್ಕೆ 20,000 ಪದ ಆಡುತ್ತಾರೆ, ಗಂಡಸರು ಬರೀ 7,000. ಇದು ವಿಜ್ಞಾನ!’ ನಗುವ ಎಮೋಜಿ ಹೊತ್ತ ಈ ಫಾರ್ವರ್ಡ್ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ.

ಈ ಅಂಕಿ ಎಣಿಸಿ ಬಂದದ್ದಲ್ಲ. 2006ರಲ್ಲಿ ಅಮೆರಿಕದ ಜನಪ್ರಿಯ ಪುಸ್ತಕವೊಂದರಿಂದ ಹಬ್ಬಿತು. ಮರುವರ್ಷವೇ ಮನಃಶಾಸ್ತ್ರಜ್ಞ ಮಥಿಯಾಸ್ ಮೆಹ್ಲ್ ತಂಡ ನಿಜವಾಗಿಯೂ ಎಣಿಸಿದ ಲೆಕ್ಕ ಪ್ರಕಟಿಸಿತು. ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ಬಳಿ ಒಂದು ಪುಟ್ಟ ರೆಕಾರ್ಡರ್. ಅದು ಹನ್ನೆರಡೂವರೆ ನಿಮಿಷಕ್ಕೊಮ್ಮೆ ತಾನಾಗಿಯೇ 30 ಸೆಕೆಂಡು ಧ್ವನಿ ಹಿಡಿಯುತ್ತಿತ್ತು. ಯಾವಾಗ ಹಿಡಿಯುತ್ತದೆಂದು ಧರಿಸಿದವರಿಗೆ ಗೊತ್ತಾಗದು. ‘ನೀವು ಎಷ್ಟು ಮಾತಾಡುತ್ತೀರಿ?’ ಎಂದು ಕೇಳಿ ಬರೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಫಲಿತಾಂಶ: ಇಬ್ಬರದೂ ದಿನಕ್ಕೆ ಸುಮಾರು 16,000 ಪದ. ಎಲ್ಲರಿಗಿಂತ ಹೆಚ್ಚು ಮಾತಾಡಿದ್ದು, ಹೇಳಲೇಬೇಕು, ಒಬ್ಬ ಗಂಡಸು.

ಆದರೆ ಎಲ್ಲರೂ ವಿದ್ಯಾರ್ಥಿಗಳೇ ಆಗಿದ್ದರಲ್ಲ? ಆ ಆಕ್ಷೇಪ ನ್ಯಾಯವೇ. ಹಾಗಾಗಿ 2025ರಲ್ಲಿ ನಾಲ್ಕು ದೇಶಗಳ 2,197 ಜನರ ಆರು ಲಕ್ಷಕ್ಕೂ ಹೆಚ್ಚು ಧ್ವನಿತುಣುಕುಗಳನ್ನು ಒಟ್ಟುಗೂಡಿಸಿ ನೋಡಿದರು. ದತ್ತಾಂಶ ದೊಡ್ಡದಾದಾಗ ಮೊದಲು ಕಾಣದ್ದೊಂದು ಕಂಡಿತು: 25ರಿಂದ 64ರ ವಯಸ್ಸಿನಲ್ಲಿ ಹೆಂಗಸರು ಸರಾಸರಿ ಸುಮಾರು 3,000 ಪದ ಹೆಚ್ಚು ಆಡುತ್ತಾರೆ. ಉಳಿದ ವಯಸ್ಸಿನಲ್ಲಿ ಅಂಥ ಸ್ಪಷ್ಟ ವ್ಯತ್ಯಾಸವಿಲ್ಲ. ಮಕ್ಕಳನ್ನು ಬೆಳೆಸುವ ವರ್ಷಗಳಾದ್ದರಿಂದ ಇರಬಹುದೇ ಎಂಬುದು ಸಂಶೋಧಕರ ಊಹೆ, ಸಾಬೀತಾಗಿಲ್ಲ. ಫಾರ್ವರ್ಡ್ ಹೇಳುವ ಮೂರು ಪಟ್ಟು ಅಂತರವಂತೂ ಎಲ್ಲೂ ಸಿಗಲಿಲ್ಲ. ವ್ಯಕ್ತಿ ವ್ಯಕ್ತಿಗಳ ನಡುವಿನ ಅಂತರ ಮಾತ್ರ ವಿಪರೀತ: ದಿನಕ್ಕೆ ನೂರು ಪದವನ್ನೂ ಆಡದವರಿಂದ ಹಿಡಿದು ಲಕ್ಷ ದಾಟಿದವರ ತನಕ.