ಮಾತ್ರೆಗೆ ಬೀಗ, ಬೀಗಕ್ಕೆ ಓಟ

ಅಮೆರಿಕದ ಲೂಸಿಯಾನಾ ರಾಜ್ಯದ ಶಾಸಕರಿಗೆ ದೂರದಿಂದಲೇ ಒಂದು ನಮಸ್ಕಾರ. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು ಅವರು 2024ರ ಅಕ್ಟೋಬರ್ 1ರಿಂದ ಅಪಾಯಕಾರಿ ನಿಯಂತ್ರಿತ ವಸ್ತುಗಳ ಪಟ್ಟಿಗೆ ತಳ್ಳಿ, ಆತಂಕ ತಗ್ಗಿಸುವ ವೇಲಿಯಂ ಮಾತ್ರೆಯ ಪಕ್ಕದಲ್ಲಿ ಕೂರಿಸಿದ್ದಾರೆ. ವೇಲಿಯಂ ಚಟವಾಗಬಹುದು, ಒಪ್ಪೋಣ. ಗರ್ಭಪಾತದ ಮಾತ್ರೆಯ ಚಟ ಹತ್ತಿಸಿಕೊಂಡು, ಸಂಜೆಯಾದರೆ ಕೈ ನಡುಗುವವರನ್ನು ಇವರು ಎಲ್ಲಿ ಕಂಡರೋ! ವೈದ್ಯರ ಚೀಟಿ ಇಲ್ಲದೆ ಇಟ್ಟುಕೊಂಡರೆ 5 ವರ್ಷದವರೆಗೆ ಜೈಲು. ಗರ್ಭಿಣಿ ತನಗೆಂದೇ ಇಟ್ಟುಕೊಂಡರೆ ಶಿಕ್ಷೆಯಿಲ್ಲ. ತಂದುಕೊಡಲು ಹೊರಟ ಗೆಳತಿ ಕಂಬಿ ಎಣಿಸಬೇಕು. ಕರುಣೆ ಎಂದರೆ ಇದು.

ಪಾಪದ ಮಿಸೊಪ್ರೊಸ್ಟಾಲ್ ಮೊದಲು ಬಂದದ್ದು ಹೊಟ್ಟೆಹುಣ್ಣಿಗೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ವೈದ್ಯರು ಕೈ ಹಾಕುವುದು ಇದಕ್ಕೂ. ವಾರ್ಡಿನ ತುರ್ತು ಗಾಡಿಯಲ್ಲಿ ಬಿದ್ದಿರುತ್ತಿದ್ದ ಮಾತ್ರೆ ಈಗ ಬೀಗದ ಕಪಾಟು ಸೇರಿದೆ. ಅಲ್ಲಿನ ಆಸ್ಪತ್ರೆ ಸಿಬ್ಬಂದಿ ಗಡಿಯಾರ ಹಿಡಿದು, ಬಾಣಂತಿಯ ಮಂಚದಿಂದ ಕಪಾಟಿನವರೆಗೆ ಓಡುವ ತಾಲೀಮು ನಡೆಸಿದರು. ಪ್ರಸೂತಿಶಾಸ್ತ್ರಕ್ಕೆ ಹೊಸ ಪಠ್ಯ: ನೂರು ಮೀಟರ್ ಓಟ.

ನನ್ನ ಅಜ್ಜಿಯ ಸೊಂಟದಲ್ಲೂ ಬೀಗದ ಕೈಗಳ ಗೊಂಚಲು ಇರುತ್ತಿತ್ತು. ಬೆಲ್ಲಕ್ಕೆ ಬೀಗ, ಕೊಬ್ಬರಿಗೆ ಬೀಗ, ತುಪ್ಪದ ಮೇಲಂತೂ ಎರಡು ಕಣ್ಣು. ಮೊಮ್ಮಕ್ಕಳಾದ ನಮ್ಮನ್ನು ಕಳ್ಳರ ಪಟ್ಟಿಯಲ್ಲೇ ಇಟ್ಟಿದ್ದರು, ತಪ್ಪೇನೂ ಇರಲಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಉಗ್ರಾಣ, ಪೆಟ್ಟಿಗೆ, ಹಿತ್ತಲ ಬಾಗಿಲು ಎಲ್ಲದರ ಬೀಗ ತೆಗೆಸುತ್ತಿದ್ದರು. ಆ ಒಂದು ರಾತ್ರಿ ಬೆಲ್ಲ ನಮ್ಮದೇ.

ಅಮೆರಿಕದ ನ್ಯಾಯಮೂರ್ತಿಗಳೂ ಹಿಂದೆ ಬಿದ್ದಿಲ್ಲ. ಮಿಫೆಪ್ರಿಸ್ಟೋನ್ ವಿರುದ್ಧ ಕೆಲವು ವೈದ್ಯರು ಹೂಡಿದ್ದ ದಾವೆಯಲ್ಲಿ, 2023ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಜೇಮ್ಸ್ ಹೋ ಹೊಸದೊಂದು ನಷ್ಟವನ್ನು ಪತ್ತೆ ಮಾಡಿದರು. ಗರ್ಭದಲ್ಲಿರುವ ಮಗುವನ್ನು ನೋಡುವುದು ಆನಂದ, ಗರ್ಭಪಾತವಾದರೆ ವೈದ್ಯರಿಗೆ ಅದು ತಪ್ಪುತ್ತದೆ, ಆದ್ದರಿಂದ ಅವರ ಸೌಂದರ್ಯಾನುಭವಕ್ಕೆ ಪೆಟ್ಟು! ಆಧಾರವಾಗಿ ತೋರಿಸಿದ್ದು ಕಾಡುಪ್ರಾಣಿ ನೋಡುವವರ ಹಳೆಯ ಮೊಕದ್ದಮೆಗಳನ್ನು. ಬಂಡೀಪುರದ ಸಫಾರಿಗೆ ಹೋಗಿ ಹುಲಿ ಕಾಣದೆ ಬಂದವರು ಇನ್ನು ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಲಿ. ದಾವೆ ಹೂಡಲು ಈ ವೈದ್ಯರಿಗೆ ಹಕ್ಕೇ ಇಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಮಂದಿ ಹೇಳಿದರು. ಹೆಂಗಸು ಅಭಯಾರಣ್ಯವೋ ಅಲ್ಲವೋ ಎಂಬುದನ್ನು ಅವರು ವಿಚಾರಿಸಲಿಲ್ಲ.

ನಗುತ್ತಲೇ ಬರೆಯಬೇಕೆಂದು ಕೂತಿದ್ದೆ, ಆಗುತ್ತಿಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಾಗುತ್ತಾರೆ. 31 ವರ್ಷ, ದಂತವೈದ್ಯೆ. 2012ರ ಅಕ್ಟೋಬರ್, ಐರ್ಲೆಂಡಿನ ಗಾಲ್ವೇ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಿತ್ತು. ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂದರು ಆಸ್ಪತ್ರೆಯವರು. ಸವಿತಾ ನಂಜೇರಿ ಸತ್ತರು. ಐರ್ಲೆಂಡಿನ ಜನ 2018ರಲ್ಲಿ ಮತ ಹಾಕಿ, ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನವನ್ನೇ ತಿದ್ದಿದರು. ಲೂಸಿಯಾನಾ ಕಪಾಟಿಗೆ ಬೀಗ ಜಡಿದದ್ದು ಅದಾಗಿ ಆರು ವರ್ಷಕ್ಕೆ.